ಹಟ್ಟಿಯ ಮರ ಅಂಗಳದಲ್ಲೇ ಸೀಳಿದ ಕಥೆ

ಈಗ ನಮ್ಮ ಕಡೆ ಹಟ್ಟಿ (ದನದ ಕೊಟ್ಟಿಗೆ) ಕಟ್ಟುತ್ತೇನೆ ಅಂದರೆ ಜನ ಮೊದಲು ಕೇಳುವುದೇ ಶೀಟ್ ಯಾವುದು ಹಾಕ್ತೀರಿ ಅಂತ. ಕಬ್ಬಿಣದ ಪೈಪ್ ನಿಲ್ಲಿಸಿ, ವೆಲ್ಡಿಂಗ್ ಮಾಡಿಸಿ, ಮೇಲೆ ಬಣ್ಣದ ಶೀಟ್ ಹೊದಿಸಿದರೆ ವಾರದೊಳಗೆ ಕೆಲಸ ಮುಗಿಯಿತು. ನಾನು ಅದನ್ನು ಹಳಿಯುವುದಿಲ್ಲ. ಅಕ್ಕಪಕ್ಕದ ಎಷ್ಟೋ ಮನೆಗಳಲ್ಲಿ ದನ ಉಳಿದಿರುವುದೇ ಹಾಗೆ ಬೇಗ ಹಟ್ಟಿ ಎದ್ದು ನಿಲ್ಲುವುದರಿಂದ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಶೀಟಿನ ಕೆಳಗೆ ಒಮ್ಮೆ ನಿಂತು ನೋಡಿ. ಜೆರ್ಸಿ, ಎಚ್.ಎಫ್. ದನಗಳು ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುವುದು ಸುಮ್ನೆ ಅಲ್ಲ. ಪೈಪಿನ ಬುಡಕ್ಕೆ ಗಂಜಲ ತಾಗಿ ತಾಗಿ ತುಕ್ಕು ಹಿಡಿಯುವುದು ಇನ್ನೊಂದು ತಲೆನೋವು. ಮೇಲಿಂದ ಎಷ್ಟು ಪೈಂಟ್ ಹೊಡೆದರೂ ಬುಡ ತಿಂದು ಹಾಕುತ್ತದೆ.

ನಮ್ಮ ಮನೆ ಉಡುಪಿಯಿಂದ ಹಿರಿಯಡ್ಕದ ಕಡೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಹೊಯ್ಯುವ ಜಾಗ. ಹಳೆ ಹಟ್ಟಿಯ ಪಕ್ಕಾಸು (ಛಾವಣಿಯ ಇಳಿಜಾರಿನ ಮರ) ಕುಂಬಾಗಿ ಕೈಯಲ್ಲಿ ಹಿಡಿದರೆ ಪುಡಿಯಾಗುವ ಸ್ಥಿತಿಗೆ ಬಂದಿತ್ತು. ಅದೇ ಹೊತ್ತಿಗೆ ತೋಟದಲ್ಲಿ ಮರಗಳೂ ಇದ್ದವು. ಗಾಳಿಗೆ ಅರ್ಧ ವಾಲಿದ ಒಂದು ಹೆಬ್ಬಲಸು. ಗುಡ್ಡೆಯ ಬದಿಯಲ್ಲಿ ಒಂದು ಸಾಲು ಅಕೇಶಿಯಾ. ಕಾಯಿ ಬಿಡುವುದನ್ನು ಎಂದೋ ನಿಲ್ಲಿಸಿದ ಮುದಿ ತೆಂಗುಗಳು, ಅದರಲ್ಲಿ ಒಂದಕ್ಕೆ ಸಿಡಿಲು ಹೊಡೆದು ಮಂಡೆಯೇ ಹೋಗಿತ್ತು. ಇಷ್ಟು ಮರ ಮನೆಯಲ್ಲೇ ಇಟ್ಟುಕೊಂಡು ಪೇಟೆಯಿಂದ ಪೈಪ್ ತರುವುದು ನನಗೆ ಸರಿ ಕಾಣಲಿಲ್ಲ. ಅಪ್ಪನಿಗೂ ಸರಿ ಕಾಣಲಿಲ್ಲ, ಆದರೆ ಅವರ ಲೆಕ್ಕ ಬೇರೆ: ದಿಮ್ಮಿಗಳನ್ನು ಲಾರಿಗೆ ಹಾಕಿ ಮಿಲ್ಲಿಗೆ ಕಳಿಸು, ಸಂಜೆಯೊಳಗೆ ಹಲಗೆಯಾಗಿ ವಾಪಸ್ ಬರುತ್ತದೆ.

ಮಿಲ್ಲಿಗೆ ಕಳಿಸುವುದು ಹೇಳಿದಷ್ಟು ಸುಲಭ ಅಲ್ಲ. ನಮ್ಮ ತೋಟದೊಳಗೆ ಲಾರಿ ಬರುವ ದಾರಿ ಇಲ್ಲ. ದಿಮ್ಮಿಯನ್ನು ರಸ್ತೆಗೆ ಎಳೆದು ತರಲು ಆಳು, ಲೋಡ್ ಮಾಡಲು ಕ್ರೇನ್, ಸಾಗಿಸಲು ಕಾಗದಪತ್ರ. ಇದೆಲ್ಲದರ ಮೇಲೆ ಮಿಲ್ಲಿನವರಿಗೆ ಮನೆ ಹತ್ತಿರದ ಮರ ಅಂದರೆ ಭಯ. ಯಾಕೆಂದರೆ ಅದರಲ್ಲಿ ಏನೇನು ಇರುತ್ತದೆ ಹೇಳಲಿಕ್ಕಾಗುವುದಿಲ್ಲ. ಬಟ್ಟೆ ಒಣಗಿಸುವ ಹಗ್ಗಕ್ಕೆ ಹೊಡೆದ ಮೊಳೆ, ಬೇಲಿಯ ತಂತಿ, ಯಾವ ಕಾಲದಲ್ಲೋ ದನ ಕಟ್ಟಲು ಹಾಕಿದ ಕೊಂಡಿ. ಮರ ಬೆಳೆಯುತ್ತಾ ಅದನ್ನೆಲ್ಲ ನುಂಗಿ ಮೇಲೆ ತೊಗಟೆ ಮುಚ್ಚಿಕೊಂಡಿರುತ್ತದೆ. ಮಿಲ್ಲಿನ ಬ್ಯಾಂಡ್ ಸಾ (ಪಟ್ಟಿ ಗರಗಸ) ಬ್ಲೇಡಿಗೆ ಒಂದು ಮೊಳೆ ಸಿಕ್ಕಿದರೆ ಆ ಬ್ಲೇಡ್ ಹೋಯಿತು ಅಂತಲೇ ಲೆಕ್ಕ. ಅವರು ಮುಖ ಸಿಂಡರಿಸುವುದು ನ್ಯಾಯವೇ.

ಕಾಗದಪತ್ರದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸ್ವಂತ ಜಾಗದ ಮರವಾದರೂ ಹೆಚ್ಚಿನವನ್ನು ಕೇಳದೆ ಕಡಿಯುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ತೆಂಗು, ರಬ್ಬರ್, ಗಾಳಿಮರದಂಥ ಕೆಲವಕ್ಕೆ ವಿನಾಯಿತಿ ಇದೆ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕು ಕುಮ್ಕಿ. ತೋಟಕ್ಕೆ ತಾಗಿದ ಗುಡ್ಡೆಯಲ್ಲಿ ತಲೆಮಾರುಗಳಿಂದ ಸೊಪ್ಪು ತಂದಿರುತ್ತೇವೆ, ಹುಲ್ಲು ಕೊಯ್ದಿರುತ್ತೇವೆ, ಹಾಗಾಗಿ ಅದು ನಮ್ಮದೇ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ಜಾಗ ಸರ್ಕಾರದ್ದು. ಮರ ವರ್ಗ ಜಾಗದ್ದೋ (ನಮ್ಮ ಸ್ವಂತದ್ದು) ಕುಮ್ಕಿಯದ್ದೋ ಅಂತ ನಕ್ಷೆ ಹಿಡಿದು ನೋಡಿಯೇ ಮುಂದುವರಿಯಬೇಕು. ಮಿಲ್ಲಿನ ವಿಷಯವೂ ಹಾಗೆಯೇ. ಇಂಟರ್ನೆಟ್ಟಿನಲ್ಲಿ ಅಮೆರಿಕದವರು ಮನೆ ಹಿಂದೆ ಬ್ಯಾಂಡ್ ಸಾ ಮಿಲ್ ಇಟ್ಟುಕೊಂಡು ದಿಮ್ಮಿ ಸೀಳುವುದನ್ನು ನೋಡಿ ನನಗೂ ಆಸೆಯಾಗಿತ್ತು. ಇಲ್ಲಿ ಸಾಮಿಲ್ಲಿಗೆ ಲೈಸೆನ್ಸ್ ಬೇಕು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಮೇಲೆ ಹೊಸ ಸಾಮಿಲ್ಲಿಗೆ ಅನುಮತಿ ಕೊಡುವುದನ್ನೇ ಬಹಳ ಬಿಗಿ ಮಾಡಿದ್ದಾರೆ. ಹಾಗಾಗಿ ಆ ಆಸೆ ಅಲ್ಲಿಗೇ ಬಿಟ್ಟೆ. ದಿಮ್ಮಿಯನ್ನು ಉದ್ದಕ್ಕೆ ಸೀಳಲು, ಮರ ಕಡಿಯುವ ಚೈನ್ ಸಾಗೆ ಸಿಕ್ಕಿಸುವ ಒಂದು ಕಬ್ಬಿಣದ ಚೌಕಟ್ಟು ಸಿಗುತ್ತದೆ. ಅದನ್ನೇ ತರಿಸಿದೆ. ಅರ್ಜಿ ಕೊಡಲು ಹೋದಾಗ ಇದನ್ನೂ ವಲಯ ಅರಣ್ಯ ಕಚೇರಿಯಲ್ಲಿ ಹೇಳಿ, ಸ್ವಂತ ಮರ, ಸ್ವಂತ ಬಳಕೆ ಅಂತ ವಿವರಿಸಿದ ಮೇಲೆಯೇ ಕೆಲಸ ಶುರು ಮಾಡಿದ್ದು. ನೀವೂ ಕೇಳಿಯೇ ಮಾಡಿ.

ಬಡಗಿ ಆಚಾರ್ರು ಮೊದಲ ದಿನ ಬಂದು, ಬಿದ್ದ ಮರಗಳ ಸುತ್ತ ಒಂದು ಸುತ್ತು ಹಾಕಿ, ನನ್ನ ಕೈಯಲ್ಲಿದ್ದ ಪ್ಲಾನ್ ನೋಡಿ ನಕ್ಕರು. ಪ್ಲಾನಿನಲ್ಲಿ ಹನ್ನೆರಡು ಅಡಿ ಎತ್ತರದ ಕಂಬ, ಇಪ್ಪತ್ತು ಅಡಿ ಉದ್ದದ ತೊಲೆ ಅಂತೆಲ್ಲ ಬರೆದಿದ್ದೆ.

"ಎಂತ ಮಾರಾಯ್ರೆ ಇದು? ಇಪ್ಪತ್ತು ಅಡಿ ನೆಟ್ಟಗೆ ಇರುವ ಮರ ಇಲ್ಲಿ ಯಾವುದುಂಟು? ಮೊದಲು ಮರ ಎಷ್ಟು ಕೊಡ್ತದೆ ನೋಡುವ, ಮತ್ತೆ ಹಟ್ಟಿ ಎಷ್ಟು ದೊಡ್ಡದು ಅಂತ ಹೇಳುವ."

ಆ ಮಾತಿನ ಮೇಲೆ ಇಡೀ ಹಟ್ಟಿ ನಿಂತಿತು. ಪೇಟೆಯಿಂದ ಮರ ತರುವಾಗ ನಾವು ಅಳತೆ ಹೇಳುತ್ತೇವೆ, ಅವರು ಕೊಡುತ್ತಾರೆ. ಇಲ್ಲಿ ಅಳತೆ ಹೇಳುವುದು ಮರ. ಹೆಬ್ಬಲಸು ಹತ್ತು ಅಡಿಯವರೆಗೆ ನೆಟ್ಟಗೆ ಹೋಗಿ ಆಮೇಲೆ ಕವಲೊಡೆದಿತ್ತು. ಹಾಗಾಗಿ ಕಂಬ ಹತ್ತು ಅಡಿಗೆ ಇಳಿಯಿತು. ಅಕೇಶಿಯಾ ಅಂತೂ ಎಂಟು ಅಡಿ ನೆಟ್ಟಗೆ ಸಿಕ್ಕಿದರೆ ಪುಣ್ಯ. ಆದ್ದರಿಂದ ಕಂಬಗಳ ನಡುವಿನ ಅಂತರ ಅದಕ್ಕೆ ತಕ್ಕ ಹಾಗೆ ಆಯಿತು. ದನ ನಿಲ್ಲುವ ಜಾಗ ಒಂದಕ್ಕೆ ಅಗಲ ನಾಲ್ಕು ಅಡಿ ಹಿಡಿದರೆ, ಎಂಟು ಅಡಿಯ ಅಂತರದಲ್ಲಿ ಎರಡು ದನ ಸರಿಯಾಗಿ ಬರುತ್ತವೆ. ಅಕೇಶಿಯಾದ ಸೊಟ್ಟ ಬೆಳವಣಿಗೆ ನಮ್ಮ ಹಟ್ಟಿಯ ಪ್ಲಾನ್ ಹಾಕಿತು ಅಂದರೂ ತಪ್ಪಿಲ್ಲ.

ದಿಮ್ಮಿಯಲ್ಲಿ ಎಷ್ಟು ಮರ ಇದೆ ಅನ್ನುವ ಲೆಕ್ಕ ನನಗೆ ತುಂಬ ಮಜಾ ಅನಿಸಿದ್ದು. ನಮ್ಮಲ್ಲಿ ಮರದ ವ್ಯಾಪಾರ ನಡೆಯುವುದು ಸಿ.ಎಫ್.ಟಿ., ಅಂದರೆ ಘನ ಅಡಿ ಲೆಕ್ಕದಲ್ಲಿ. ದಿಮ್ಮಿಯ ನಡುವಿಗೆ ಟೇಪ್ ಸುತ್ತಿ ಸುತ್ತಳತೆ ತೆಗೆಯುತ್ತಾರೆ, ಅದರ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ಉದಾಹರಣೆಗೆ 48 ಇಂಚು ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ. ಕಾಲು ಭಾಗ 12 ಇಂಚು, ಅಂದರೆ ಒಂದು ಅಡಿ. ಒಂದು ಗುಣಿಸು ಒಂದು ಗುಣಿಸು ಹತ್ತು, 10 ಸಿ.ಎಫ್.ಟಿ. ಆದರೆ ದಿಮ್ಮಿ ಉರುಟು. ಶಾಲೆಯಲ್ಲಿ ಕಲಿತ ಸೂತ್ರದಲ್ಲಿ ಲೆಕ್ಕ ಹಾಕಿದರೆ ಅದರಲ್ಲಿ ನಿಜವಾಗಿ 12.7 ಘನ ಅಡಿ ಮರ ಇರುತ್ತದೆ. ಉಳಿದ ಎರಡೂ ಮುಕ್ಕಾಲು ಎಲ್ಲಿಗೆ ಹೋಯಿತು? ಮೋಸ ಅಲ್ಲ ಅದು. ದಿಮ್ಮಿಯನ್ನು ಚೌಕ ಮಾಡುವಾಗ ನಾಲ್ಕು ಬದಿಯ ಚಕ್ಕೆ ಹೋಗುತ್ತದೆ, ಗರಗಸದ ಹೊಟ್ಟು ಹೋಗುತ್ತದೆ, ಅದಕ್ಕೆ ಮೊದಲೇ ಬಿಟ್ಟ ರಿಯಾಯಿತಿ. ಅದೇ ದಿಮ್ಮಿಯಿಂದ ಒಂದೇ ಒಂದು ಚೌಕ ತೊಲೆ ತೆಗೆದರೆ ಹೆಚ್ಚೆಂದರೆ 10.8 ಇಂಚಿನದ್ದು ಬರುತ್ತದೆ, ಅಂದರೆ ಬರೀ 8 ಸಿ.ಎಫ್.ಟಿ. ಮಿಲ್ಲಿಗೆ ಕೊಟ್ಟರೆ ಆ ಚಕ್ಕೆಗಳನ್ನು ವಾಪಸ್ ತರುವ ಯೋಚನೆಯನ್ನೇ ಯಾರೂ ಮಾಡುವುದಿಲ್ಲ. ಮನೆಯಲ್ಲಿ ಸೀಳಿದಾಗ ಅದೂ ಕಣ್ಣೆದುರೇ ಬಿದ್ದಿರುತ್ತದೆ. ನಮ್ಮ ಮೇವಿನ ಅಟ್ಟಕ್ಕೆ ಹಾಸಿದ್ದು ಪೂರಾ ಈ ಚಕ್ಕೆಗಳನ್ನೇ. ಒಂದು ಬದಿ ಸಪಾಟು, ಇನ್ನೊಂದು ಬದಿ ಮರದ ಬೆನ್ನು. ಹುಲ್ಲಿನ ಕಂತೆಗೆ ಅದಕ್ಕಿಂತ ಚಂದದ ಹಲಗೆ ಯಾಕೆ ಬೇಕು? ಉಳಿದದ್ದು ಬಚ್ಚಲ ಹಂಡೆಯ ಒಲೆಗೆ.

ಸೀಳುವ ವಿಧಾನ ನೋಡಲು ಸರಳ. ದಿಮ್ಮಿಯ ಮೇಲೆ ಮೊದಲು ಒಂದು ನೇರ ದಾರಿ ಬೇಕು. ಅಲ್ಯೂಮಿನಿಯಂ ಏಣಿಯನ್ನು ಉದ್ದಕ್ಕೆ ಮಲಗಿಸಿ, ಮಟ್ಟಗೋಲು ಇಟ್ಟು, ಎರಡೂ ತುದಿಗೆ ಸ್ಕ್ರೂ ಹಾಕಿ ಬಿಗಿದರೆ ಅದೇ ದಾರಿ. ಚೌಕಟ್ಟು ಏಣಿಯ ಮೇಲೆ ಜಾರುತ್ತಾ ಹೋಗುತ್ತದೆ, ಚೈನ್ ಕೆಳಗೆ ಮಲಗಿಕೊಂಡು ಕೊಯ್ಯುತ್ತಾ ಬರುತ್ತದೆ. ಮೊದಲ ಚಕ್ಕೆ ಎದ್ದ ಮೇಲೆ ಏಣಿ ಬೇಡ, ಆ ಸಪಾಟು ಮೈಯೇ ಮುಂದಿನದಕ್ಕೆ ದಾರಿ. ಅದಕ್ಕೇ ಮೊದಲ ಕೊಯ್ತದ ಬಗ್ಗೆ ಎಷ್ಟು ಜಾಗ್ರತೆ ಮಾಡಿದರೂ ಕಡಿಮೆ. ಏಣಿ ನಡುವೆ ಅರ್ಧ ಇಂಚು ತಗ್ಗಿದರೆ ಆ ತಗ್ಗು ಕೊನೆಯ ಹಲಗೆಯವರೆಗೂ ಹಾಗೆಯೇ ಇಳಿಯುತ್ತದೆ.

ಚೈನ್ ಬೇರೆ ಬೇಕು. ಮರ ಅಡ್ಡ ಕಡಿಯುವ ಮಾಮೂಲಿ ಚೈನಿನ ಹಲ್ಲನ್ನು ಸುಮಾರು 30 ಡಿಗ್ರಿ ಓರೆಗೆ ಅರ ಹಾಕಿರುತ್ತಾರೆ. ಉದ್ದಕ್ಕೆ ಸೀಳುವ ಚೈನಿಗೆ 10 ಡಿಗ್ರಿ ಸಾಕು. ಅಡ್ಡ ಕಡಿಯುವಾಗ ನಾರನ್ನು ಕತ್ತರಿಸಬೇಕು, ಉದ್ದಕ್ಕೆ ಹೋಗುವಾಗ ಅದನ್ನು ಎಬ್ಬಿಸುತ್ತಾ ಹೋಗಬೇಕು. ಕೆಲಸವೇ ಬೇರೆ. ಇದನ್ನು ನನಗೆ ಸರಿಯಾಗಿ ತಿಳಿಸಿದ್ದು ನಮ್ಮೂರಿನ ಮರ ಕಡಿಯುವ ಹುಡುಗ. ಅವನು ಮೆಷಿನ್ನಿನ ಶಬ್ದ ಕೇಳಿಯೇ ಚೈನ್ ಮೊಂಡಾಗಿದೆಯೋ ಇಲ್ಲವೋ ಹೇಳುತ್ತಾನೆ. "ಅಣ್ಣ, ಹೊಟ್ಟು ನೋಡಿ. ಎಳೆ ಎಳೆಯಾಗಿ ಬಂದರೆ ಸರಿ. ಪುಡಿ ಬಂದರೆ ನಿಲ್ಲಿಸಿ ಅರ ಹಾಕಿ" ಅಂದ. ಪುಡಿ ಬರುವಾಗ ಒತ್ತಿ ಕೊಯ್ದರೆ ಮೆಷಿನ್ ಬಿಸಿಯಾಗುತ್ತದೆ, ಸೊಂಟ ಹೋಗುತ್ತದೆ, ಮರ ಮಾತ್ರ ಕೊಯ್ಯುವುದಿಲ್ಲ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಶಬ್ದ 100 ಡೆಸಿಬೆಲ್ ದಾಟುತ್ತದೆ, ಮತ್ತು ಹಲಗೆ ಕೊಯ್ಯುವಾಗ ನಿಮ್ಮ ಮುಖ ಹೊಟ್ಟು ಹಾರುವ ಕಡೆಯೇ ಇರುತ್ತದೆ.

ಅಪ್ಪನ ಬಾಲ್ಯದಲ್ಲಿ ಇದೇ ಅಂಗಳದಲ್ಲಿ ಇಬ್ಬರು ಸೇರಿ ಸೀಳುತ್ತಿದ್ದರಂತೆ. ದಿಮ್ಮಿಯನ್ನು ಎತ್ತರಕ್ಕೆ ಏರಿಸಿ ಇಟ್ಟು, ಒಬ್ಬ ಮೇಲೆ ನಿಂತು, ಒಬ್ಬ ಕೆಳಗೆ ನಿಂತು, ಉದ್ದದ ಗರಗಸ ಎಳೆಯುವುದು. ತೆಂಗಿನ ಗೆರಟೆ ಸುಟ್ಟ ಮಸಿಯನ್ನು ನೀರಿನಲ್ಲಿ ಕಲಸಿ, ಅದರಲ್ಲಿ ದಾರ ಅದ್ದಿ, ಮರದ ಮೇಲೆ ಬಿಗಿಯಾಗಿ ಹಿಡಿದು ಮೀಟಿದರೆ ಗೆರೆ ಬೀಳುತ್ತಿತ್ತು. ಗೆರೆಯ ಜವಾಬ್ದಾರಿ ಮೇಲಿನವನದ್ದು, ಹೊಟ್ಟೆಲ್ಲ ಕೆಳಗಿನವನ ಕಣ್ಣಿಗೆ. ಮನೆಯ ಹೊರ ಬಾಗಿಲಿನ ಹಲಗೆ ಹಾಗೆ ಸೀಳಿದ್ದು. ಹಿಂಬದಿಯಲ್ಲಿ ಗರಗಸದ ಗುರುತು ಈಗಲೂ ಕಾಣುತ್ತದೆ, ಅಷ್ಟು ಅಗಲದ ಹಲಗೆ ಒಂದೇ ದಪ್ಪಕ್ಕೆ ಇದೆ. ನನ್ನ ಪೆಟ್ರೋಲ್ ಮೆಷಿನ್ನಿನಲ್ಲಿ ಕೊಯ್ದ ಹಲಗೆ ಅದರ ಮುಂದೆ ನಾಚಿಕೊಳ್ಳಬೇಕು.

ಚೈನ್ ಸಾದ ದೊಡ್ಡ ದೋಷ ಅದು ಹೊಟ್ಟು ಮಾಡುವ ಪ್ರಮಾಣ. ಒಂದು ಕೊಯ್ತಕ್ಕೆ ಹತ್ತಿರ ಹತ್ತಿರ 9 ಮಿಲಿಮೀಟರ್ ಮರ ಹೊಟ್ಟಾಗುತ್ತದೆ. ಬ್ಯಾಂಡ್ ಸಾದಲ್ಲಿ ಎರಡು ಮೂರು ಮಿಲಿಮೀಟರ್ ಅಷ್ಟೇ. ಒಂದು ಇಂಚಿನ ಹಲಗೆಗಳನ್ನೇ ತೆಗೆಯುತ್ತಾ ಹೋದರೆ ಮರದ ಕಾಲು ಭಾಗಕ್ಕಿಂತ ಜಾಸ್ತಿ ನೆಲಕ್ಕೆ ಬೀಳುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ: ಕಂಬ, ತೊಲೆ, ದಪ್ಪ ಹಲಗೆ ಮನೆಯಲ್ಲಿ ಸೀಳಿ. ಎರಡು ಇಂಚು ಅಗಲ, ಒಂದು ಇಂಚು ದಪ್ಪದ ರೀಪನ್ನು (ಹಂಚು ಕೂರುವ ಅಡ್ಡಪಟ್ಟಿ) ಇದರಲ್ಲಿ ಕೊಯ್ಯುವ ಹುಚ್ಚು ಬೇಡ. ನಾವು ದಪ್ಪ ಹಲಗೆ ಮಾಡಿ ಕೊಟ್ಟೆವು, ಆಚಾರ್ರು ತಮ್ಮ ಟೇಬಲ್ ಮೆಷಿನ್ನಿನಲ್ಲಿ ರೀಪು ಹರಿದರು. ಹಟ್ಟಿಯ ಹೊಟ್ಟೂ ವ್ಯರ್ಥವಾಗಲಿಲ್ಲ ಅನ್ನಿ. ಹೆಬ್ಬಲಸಿನದ್ದೆಲ್ಲ ದನದ ಕಾಲಡಿಗೆ ಹೋಗಿ, ಸೆಗಣಿ ಜೊತೆ ಗೊಬ್ಬರದ ಗುಂಡಿ ಸೇರಿತು.

ಎಲ್ಲಿ ಗೆರೆ ಹಾಕಬೇಕು ಅನ್ನುವುದೇ ಈ ಕೆಲಸದ ಜೀವ. ಮಿಲ್ಲಿನಲ್ಲಿ ದಿಮ್ಮಿ ಬಂದ ಹಾಗೆ ತಳ್ಳುತ್ತಾರೆ, ಅವರಿಗೆ ಸಮಯವೇ ಹಣ. ಇಲ್ಲಿ ನಾವು ಒಂದೊಂದು ದಿಮ್ಮಿಯ ಮುಂದೆ ಕೂತು ಚಾ ಕುಡಿದು ಯೋಚಿಸಬಹುದು. ಮರ ಒಣಗುವಾಗ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಅಗಲಕ್ಕೆ ಕುಗ್ಗುತ್ತದೆ, ಅದರಲ್ಲೂ ವರ್ಷದ ಉಂಗುರದ ಗುಂಟ ಕುಗ್ಗುವುದು ನಡುವಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡು ಪಟ್ಟು. ಹಲಗೆ ದೋಣಿಯಂತೆ ಬಾಗುವುದು, ಕಂಬ ಬಿರಿಯುವುದು ಎಲ್ಲ ಈ ವ್ಯತ್ಯಾಸದಿಂದ. ದಿಮ್ಮಿಯ ನಡು ಬಿಂದುವನ್ನು ಹೊಟ್ಟೆಯೊಳಗೆ ಇಟ್ಟುಕೊಂಡ ಕಂಬ ಎಲ್ಲೋ ಒಂದು ಕಡೆ ಬಿರಿದೇ ಬಿರಿಯುತ್ತದೆ. ಅದಕ್ಕೆ ಆ 10.8 ಇಂಚಿನ ಚೌಕವನ್ನು ನಾಲ್ಕಾಗಿ ಸೀಳಿ, ಐದು ಇಂಚಿನ ನಾಲ್ಕು ಕಂಬ ತೆಗೆದೆವು. ನಡು ಬಿಂದು ಈಗ ಪ್ರತಿ ಕಂಬದ ಒಂದು ಮೂಲೆಗೆ ಬಂತು. ಬಿರುಕು ಕಡಿಮೆಯಾಯಿತು, ಆದರೆ ಒಣಗುತ್ತಾ ಚೌಕ ಸ್ವಲ್ಪ ವಜ್ರದ ಆಕಾರಕ್ಕೆ ವಾಲುತ್ತದೆ. ಹಟ್ಟಿಯ ಕಂಬ ಅಷ್ಟು ವಾಲಿದರೆ ದನಕ್ಕೆ ಗೊತ್ತಾಗುವುದಿಲ್ಲ ಅಲ್ವಾ?

ವಾಲಿ ಬೆಳೆದ ಮರ ಮಾತ್ರ ಬೇರೆ ಜಾತಿಯದ್ದೇ ಅನ್ನಬೇಕು. ಹೆಬ್ಬಲಸು ಗಾಳಿಗೆ ವಾಲಿದ ಮೇಲೆ ಎಷ್ಟೋ ವರ್ಷ ಹಾಗೆಯೇ ನಿಂತಿತ್ತು. ನೆಟ್ಟಗೆ ನಿಲ್ಲಲು ಹೆಣಗಾಡುತ್ತಾ ಅದು ಮೇಲ್ಬದಿಯಲ್ಲಿ ಎಳೆತದ ಮರ, ಅಂದರೆ ಒಳಗೇ ಬಿಗಿದುಕೊಂಡಿರುವ ಮರ ಬೆಳೆಸಿಕೊಂಡಿರುತ್ತದೆ. ಆ ಬದಿಯ ಹಲಗೆ ಗರಗಸ ದಾಟಿ ಬರುವಾಗಲೇ ಬಿಲ್ಲಿನಂತೆ ಮೇಲೇಳುತ್ತಿತ್ತು. ಅಂಥದ್ದನ್ನು ಉದ್ದಕ್ಕೆ ಇಡದೆ ಮೂರು ಮೂರು ಅಡಿಗೆ ತುಂಡು ಮಾಡಿ ಗೋದಲಿಯ ಮುಂದಿನ ಅಡ್ಡಪಟ್ಟಿಗೆ ಹಾಕಿದೆವು. ಗಿಡ್ಡ ತುಂಡಿನಲ್ಲಿ ಸೊಟ್ಟ ಕಾಣುವುದಿಲ್ಲ.

ತೆಂಗಿನ ಬಗ್ಗೆ ನನಗೆ ಪಕ್ಷಪಾತ ಇದೆ. ತೆಂಗಿಗೆ ಬೇರೆ ಮರಗಳ ಹಾಗೆ ಉಂಗುರ ಇಲ್ಲ, ನಡುವೆ ಚೇಗು (ಒಳಗಿನ ಗಟ್ಟಿ ತಿರುಳು) ಇಲ್ಲ. ಎಲ್ಲ ತಲೆಕೆಳಗು. ಗಟ್ಟಿ ಭಾಗ ಹೊರಗೆ, ತೊಗಟೆಯ ಹತ್ತಿರ. ಒಳಗೆ ಹೋದಷ್ಟೂ ಮೆದು. ಬುಡದ ಭಾಗ ಗಟ್ಟಿ, ಮೇಲೆ ಹೋದಷ್ಟೂ ಕೆಲಸಕ್ಕೆ ಬಾರದ್ದು. ಮುದಿ ತೆಂಗಿನ ಬುಡದ ಹೊರಭಾಗದಿಂದ ತೆಗೆದ ಪಕ್ಕಾಸಿಗೆ ಮೊಳೆ ಹೊಡೆಯಲು ಹೋದರೆ ಮೊಳೆ ಬಗ್ಗುತ್ತದೆ. ಮೊದಲು ಡ್ರಿಲ್ಲಿನಲ್ಲಿ ತೂತು ಮಾಡಬೇಕು. ಗರಗಸಕ್ಕಂತೂ ತೆಂಗು ಪರಮ ಶತ್ರು, ಚೈನ್ ಬೇಗ ಮೊಂಡಾಗುತ್ತದೆ. ಆದರೂ ಪಕ್ಕಾಸಿಗೆ ನಾವು ತೆಂಗನ್ನೇ ಬಳಸಿದೆವು. ಕರಾವಳಿಯಲ್ಲಿ ಹಳೆ ಹಂಚಿನ ಮನೆಗಳ ಮಾಡು (ಛಾವಣಿ) ನೋಡಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ನೀರು ತಾಗದೆ, ಹೊಗೆ ತಾಗುತ್ತಾ ಇದ್ದರೆ ಅದು ಮನುಷ್ಯನಿಗಿಂತ ಜಾಸ್ತಿ ಬಾಳುತ್ತದೆ.

ನಮ್ಮಲ್ಲಿ ಮರ ಕೆಡುವುದು ಮಳೆಯಿಂದ ಮಾತ್ರ ಅಲ್ಲ. ಒರಲೆ (ಗೆದ್ದಲು) ಇದೆ, ಮರ ಕೊರೆಯುವ ಕುಟ್ಟೆ ಹುಳ ಇದೆ. ಅಕೇಶಿಯಾದ ಹೊರಗಿನ ಬಿಳಿ ಭಾಗ ಕುಟ್ಟೆಗೆ ಹಬ್ಬದೂಟ. ಕೆಲವು ತಿಂಗಳಲ್ಲೇ ಸಣ್ಣ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ. ಹಾಗಾಗಿ ಬಿಳಿ ಭಾಗವನ್ನು ಕೈಬಿಟ್ಟು ಒಳಗಿನ ಕಂದು ಚೇಗನ್ನು ಮಾತ್ರ ಉಳಿಸಿಕೊಂಡೆವು. ಸಣ್ಣ ಅಕೇಶಿಯಾದಲ್ಲಿ ಹೀಗೆ ಮಾಡಿದರೆ ಉಳಿಯುವುದು ಸ್ವಲ್ಪವೇ. ಆದರೆ ಉಳಿದದ್ದು ಗಟ್ಟಿ. ಮಿಲ್ಲಿನಿಂದ ತಂದ ಮರದಲ್ಲಿ ಬಿಳಿ ಭಾಗ ಎಷ್ಟು ಸೇರಿದೆ ಅಂತ ಪೈಂಟ್ ಹೊಡೆದ ಮೇಲೆ ಯಾರಿಗೆ ಗೊತ್ತಾಗುತ್ತದೆ?

ಒಣಗಿಸುವುದಕ್ಕೆ ತಾಳ್ಮೆ ಬೇಕು, ಬೇರೇನೂ ಬೇಡ. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕೆಂಪು ಕಲ್ಲಿಟ್ಟು, ಹಲಗೆಗಳ ನಡುವೆ ಒಂದೊಂದು ಇಂಚಿನ ಪಟ್ಟಿ ಇಟ್ಟು ಅಟ್ಟಿ ಮಾಡಬೇಕು. ಪಟ್ಟಿಗಳು ಒಂದರ ಮೇಲೊಂದು ನೇರಕ್ಕೆ ಬರಬೇಕು, ಇಲ್ಲದಿದ್ದರೆ ಭಾರಕ್ಕೆ ಹಲಗೆ ಅಲೆಅಲೆಯಾಗುತ್ತದೆ. ತುದಿಗಳಿಗೆ ಹಳೆ ಪೈಂಟ್ ಬಳಿದೆವು, ಯಾಕೆಂದರೆ ಮರದ ನೀರು ತುದಿಯಿಂದಲೇ ಬೇಗ ಹೋಗುವುದು, ತುದಿ ಮೊದಲು ಒಣಗಿದರೆ ಅಲ್ಲಿಂದಲೇ ಸೀಳು ಶುರು. ಮೇಲೆ ಸೋಗೆ ಮುಚ್ಚಿ, ಬದಿಗಳನ್ನು ಗಾಳಿಗೆ ಬಿಟ್ಟೆವು. ಡಿಸೆಂಬರಿನಿಂದ ಮೇ ತನಕ ನಮ್ಮ ಕಡೆಯ ಬಿಸಿಲು, ಗಾಳಿ ಸಾಕಷ್ಟು ಕೆಲಸ ಮಾಡುತ್ತದೆ. ಪೂರ್ತಿ ಒಣಗುವುದಿಲ್ಲ. ಆಚಾರ್ರ ಪ್ರಕಾರ ಹಟ್ಟಿಗೆ ಪೂರ್ತಿ ಒಣಗಬೇಕಾಗಿಯೂ ಇಲ್ಲ. ಒಣಗಿದ ಹೆಬ್ಬಲಸಿಗೆ ಉಳಿ ಹಾಕುವುದಕ್ಕಿಂತ ಅರೆ ಹಸಿಯಲ್ಲಿ ಮರಕ್ಕೆ ಮರ ಜೋಡಿಸುವ ಕೂಡು ಕೊರೆಯುವುದು ಸುಲಭ, ಬೆಣೆ ಮಾತ್ರ ಚೆನ್ನಾಗಿ ಒಣಗಿದ ಮರದ್ದು ಇರಬೇಕು. ಬಾಗಿಲು, ಕಿಟಕಿಗೆ ಈ ಮಾತು ಹೇಳಬೇಡಿ. ಆಷಾಢದಲ್ಲಿ ಉಬ್ಬಿ, ಮುಚ್ಚಿದ ಬಾಗಿಲು ತೆರೆಯುವುದಿಲ್ಲ.

ಕೆಡ್ಡಸದ ಮೂರು ದಿನ ಮೆಷಿನ್ ಮುಟ್ಟಲಿಲ್ಲ. ಭೂಮಿ ತಾಯಿ ಮುಟ್ಟಾಗುವ ದಿನಗಳು ಅಂತ ತುಳುನಾಡಿನಲ್ಲಿ ಆಗ ನೆಲ ಅಗೆಯುವುದಿಲ್ಲ, ಹಸಿರು ಕಡಿಯುವುದಿಲ್ಲ. ಬಿದ್ದ ಮರ ಸೀಳಿದರೆ ಏನಾಗ್ತದೆ ಅಂತ ನಾನು ವಾದ ಮಾಡಬಹುದಿತ್ತು. ಅಮ್ಮನ ಮುಂದೆ ಅಂಥ ವಾದ ನಡೆಯುವುದಿಲ್ಲ. ಕೈಗೂ ವಿಶ್ರಾಂತಿ ಬೇಕಿತ್ತು, ನಿಜ ಹೇಳಬೇಕೆಂದರೆ.

ಗೇರೆಣ್ಣೆಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಗೇರುಬೀಜದ ಸಿಪ್ಪೆಯಿಂದ ಬರುವ ಈ ಕಪ್ಪು ಎಣ್ಣೆಯನ್ನು ನಮ್ಮ ಕರಾವಳಿಯಲ್ಲಿ ದೋಣಿಗೆ, ಮಾಡಿನ ಮರಕ್ಕೆ ಬಳಿಯುವುದು ಹಳೆ ರೂಢಿ. ಒರಲೆ ಹತ್ತಿರ ಬರುವುದಿಲ್ಲ. ಗೇರುಬೀಜದ ಫ್ಯಾಕ್ಟರಿಗಳು ಇರುವುದರಿಂದ ಎಣ್ಣೆ ಸಿಗುವುದೂ ಕಷ್ಟವಲ್ಲ. ಆದರೆ ಮೈಗೆ ತಾಗಿದರೆ ಸುಡುತ್ತದೆ, ಚರ್ಮ ಎದ್ದು ಬರುತ್ತದೆ. ಕೈಗವಸು ಹಾಕಿ, ಅದರ ಕೆಳಗೆ ತೆಂಗಿನೆಣ್ಣೆ ಹಚ್ಚಿ ಬಳಿಯಬೇಕು. ಪಕ್ಕಾಸು, ತೊಲೆಗಳಿಗೆ ಮಾತ್ರ ಹಾಕಿದೆವು. ಕಂಬದ ಕೆಳಭಾಗ, ಗೋದಲಿ, ದನದ ನಾಲಿಗೆ ತಾಗುವ ಯಾವ ಜಾಗಕ್ಕೂ ಇಲ್ಲ. ದನ ಮರ ನೆಕ್ಕುತ್ತದೆ, ಮೈ ಉಜ್ಜುತ್ತದೆ. ಅದಕ್ಕೇ ಕಂಬದ ಮೂಲೆಗಳನ್ನೂ ಕೀಸುಳಿಯಲ್ಲಿ ತೆಗೆದು ನುಣುಪು ಮಾಡಿದ್ದು.

ಕಂಬಗಳನ್ನು ಮಣ್ಣಿಗೆ ಹೂಳಲಿಲ್ಲ. ಒಂದು ಅಡಿ ಎತ್ತರದ ಕಪ್ಪು ಕಲ್ಲಿನ ಪೀಠದ ಮೇಲೆ ಕೂರಿಸಿದೆವು, ನಡುವೆ ಒಂದು ಕಬ್ಬಿಣದ ಗೂಟ. ತೊಳೆಯುವ ನೀರು, ಗಂಜಲ ಎರಡೂ ಮರಕ್ಕೆ ತಾಗುವುದಿಲ್ಲ. ನೆಲಕ್ಕೆ ಚರಂಡಿಯ ಕಡೆ ಸ್ವಲ್ಪ ಇಳಿಜಾರು. ಮಾಡಿಗೆ ಮಂಗಳೂರು ಹಂಚು. ಹಳೆ ಮನೆ ಕೆಡವುವ ಕಡೆಯಿಂದ ತಂದದ್ದು, ಕೆಲವದರ ಹಿಂದೆ ಹಳೆ ಕಾರ್ಖಾನೆಗಳ ಮುದ್ರೆ ಇನ್ನೂ ಇದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹಂಚು ಎಲ್ಲೆಲ್ಲಿಗೋ ಹೋಯಿತು, ಈಗ ಕಾರ್ಖಾನೆಗಳೇ ಒಂದೊಂದಾಗಿ ಮುಚ್ಚುತ್ತಿವೆ. ಬೇರೆ ಬೇರೆ ಕಾರ್ಖಾನೆಯ ಹಂಚಿನ ಅಳತೆ ಕೂದಲೆಳೆಯಷ್ಟು ಬೇರೆ. ರೀಪಿನ ಅಂತರ ಹನ್ನೆರಡು ಹದಿಮೂರು ಇಂಚಿನ ಆಸುಪಾಸು ಅಂತ ಬಾಯಲ್ಲಿ ಹೇಳಿದರೂ, ಆಚಾರ್ರು ಹಂಚನ್ನು ನೆಲದ ಮೇಲೆ ಜೋಡಿಸಿ ನೋಡಿಯೇ ಮೊದಲ ರೀಪು ಹೊಡೆದರು. ಪತ್ತನಾಜೆಯೊಳಗೆ, ಅಂದರೆ ಮೇ 24ರ ಸುಮಾರಿಗೆ, ಮಾಡು ಮುಚ್ಚಿರಬೇಕು ಅನ್ನುವುದು ನಮ್ಮ ಕಡೆಯ ಲೆಕ್ಕ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಮ್ಮ ಕೊನೆಯ ಸಾಲಿನ ಹಂಚೂ ಏರಿತು.

ಹಣ ಎಷ್ಟು ಉಳಿಯಿತು ಅಂತ ಎಲ್ಲರೂ ಕೇಳುತ್ತಾರೆ. ಪೆಟ್ರೋಲ್, ಎಣ್ಣೆ, ಚೈನ್, ಚೌಕಟ್ಟು, ಆಳಿನ ಮಜೂರಿ, ನನ್ನ ಕೂಲಿ ಎಲ್ಲ ಹಿಡಿದರೆ ಶೀಟಿನ ಹಟ್ಟಿಯೇ ಅಗ್ಗ. ಪೇಟೆಯಲ್ಲಿ ಹೆಬ್ಬಲಸು ಕೊಂಡು ಕಟ್ಟುವುದಕ್ಕೆ ಹೋಲಿಸಿದರೆ ಮಾತ್ರ ಉಳಿತಾಯ. ಹಣಕ್ಕಾಗಿ ಇದನ್ನು ಮಾಡಬೇಡಿ. ನನಗೆ ಸಿಕ್ಕಿದ ಲಾಭ ಬೇರೆ. ಈ ಹಟ್ಟಿಯ ಯಾವ ಕಂಬ ಯಾವ ಮರದ ಯಾವ ಬದಿಯದ್ದು, ಯಾವುದು ಮುಂದೆ ಬಾಗಬಹುದು, ಯಾವುದರ ಒಳಗೆ ಗಂಟು ಇದೆ ಅಂತ ನನಗೆ ಗೊತ್ತು. ಇಪ್ಪತ್ತು ವರ್ಷದ ಮೇಲೆ ಒಂದು ಪಕ್ಕಾಸು ಕೆಟ್ಟರೆ ಅದೊಂದನ್ನೇ ತೆಗೆದು ಬದಲಾಯಿಸಬಹುದು. ಮಣಿಪಾಲದ ಹೆರಿಟೇಜ್ ವಿಲೇಜಿಗೆ ಹೋದವರು ಕುಂಜೂರು ಚೌಕಿಮನೆ ನೋಡಿರಬಹುದು. ವಿಜಯನಾಥ ಶೆಣೈಯವರು ಅಂಥ ಮನೆಗಳನ್ನು ಇದ್ದ ಜಾಗದಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದರು. ಬಿಚ್ಚಲಿಕ್ಕೆ ಆದದ್ದು ಯಾಕೆ? ಕಟ್ಟಿದವರು ಒಂದೊಂದು ಮರವನ್ನೂ ಅದರ ಜಾಗಕ್ಕೆ ಅಂತಲೇ ಕೊಯ್ದು, ಕೂಡು ಹಾಕಿ, ಬೆಣೆ ಹೊಡೆದು ನಿಲ್ಲಿಸಿದ್ದರಿಂದ. ನಮ್ಮದು ಬರೀ ಹಟ್ಟಿ, ಅದರ ಹತ್ತಿರ ನಿಲ್ಲುವ ಯೋಗ್ಯತೆಯೂ ಇಲ್ಲ. ಆದರೆ ಆ ಕೆಲಸದ ಹಿಂದಿನ ಬುದ್ಧಿ ಸ್ವಲ್ಪ ಅರ್ಥವಾಯಿತು.

ಈಗ ಊರಿನಲ್ಲಿ ನಾಲ್ಕೈದು ಜನ ಚೌಕಟ್ಟು ಕೇಳಿಕೊಂಡು ಬಂದಿದ್ದಾರೆ. ಒಬ್ಬರಿಗೆ ಹಲಸಿನ ಮರ ಬಿದ್ದಿದೆ, ಇನ್ನೊಬ್ಬರಿಗೆ ಬಾವಿಕಟ್ಟೆಯ ಮಾಡು ಆಗಬೇಕು. ಚೌಕಟ್ಟು, ಏಣಿ ಎರಡೂ ಕೊಡುತ್ತೇನೆ, ಬೇಕಿದ್ದರೆ ಮೊದಲ ಕೊಯ್ತಕ್ಕೆ ನಾನೂ ಬಂದು ಮಟ್ಟ ನೋಡುತ್ತೇನೆ. ಅರ್ಜಿಯ ಕಾಗದ ಮೊದಲು ತೋರಿಸಬೇಕು. ಚೈನ್ ಮಾತ್ರ ಅವರದ್ದೇ ಇರಲಿ, ಮನೆ ಹತ್ತಿರದ ಮರದೊಳಗೆ ಯಾವ ಕಾಲದ ಮೊಳೆ ಕೂತಿದೆಯೋ ಯಾರಿಗೆ ಗೊತ್ತು.